ಮೋದಕ ಹಿಡಿದ ಕೈ

ದಪ್ಪ ಮಾನಿಟರುಗಳ ಕಾಲ. ಪುಣೆಯ ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುತ್ತಿದ್ದ ನಾನು, ನಮ್ಮ ಲ್ಯಾಬಿನ ಭದ್ರತೆಯಲ್ಲಿ ಲೋಪ ಹುಡುಕುವುದನ್ನೇ ಕೊನೆಯ ವರ್ಷದ ಪ್ರಾಜೆಕ್ಟಾಗಿ ಕೊಟ್ಟಿದ್ದೆ. "ಪಾಸ್‌ವರ್ಡ್ ಹೆತ್ತ ತಾಯಿಗೂ ಹೇಳಬಾರದು" ಅಂತ ದಿನಾ ಉಪದೇಶ ಬೇರೆ.

ಗಣೇಶನ ಹಬ್ಬಕ್ಕೆ ಸೊಲ್ಲಾಪುರದ ವಿದ್ಯಾರ್ಥಿನಿ ಸುಜಾತಾ ಮೋದಕ ತಂದಳು. "ಪ್ರಸಾದ ತಗೋರಿ ಸರ್." ಕೈಯೆಲ್ಲ ತುಪ್ಪವಾಯಿತು. ಅಷ್ಟರಲ್ಲಿ ನನ್ನ ಕಂಪ್ಯೂಟರ್ ಪಾಸ್‌ವರ್ಡ್ ಕೇಳಿತು.

"ಕೀಬೋರ್ಡ್ ಜಿಡ್ಡಾಗ್ತದ್ರಿ. ನೀವು ಹೇಳ್ರಿ, ನಾ ಒತ್ತತೀನಿ."

ಬಾಯ್ತುಂಬ ಮೋದಕ ಇಟ್ಟುಕೊಂಡೇ ಒಂದೊಂದಕ್ಷರ ಬಿಡಿಸಿ ಹೇಳಿದೆ.

ಪರೀಕ್ಷೆಯ ದಿನ ಅವಳು ತೋರಿಸಿದ ಮೊದಲ ಲೋಪ ನಾನೇ. ಹೊರಗಿನಿಂದ ಬಂದಿದ್ದ ಪರೀಕ್ಷಕರು ನಕ್ಕು ನಕ್ಕು, "ಇದಕ್ಕೆ ಪರಿಹಾರ?" ಎಂದರು.

ಸುಜಾತಾ ನನ್ನ ಕಡೆ ತಿರುಗಿ, "ಪ್ರಸಾದ ಬ್ಯಾಡ ಅನ್ನೋದನ್ನ ಯಾರಿಗೂ ಕಲಿಸಾಕ ಆಗಂಗಿಲ್ರಿ ಸರ್" ಅಂದಳು.

ಪೂರ್ತಿ ಅಂಕ ಕೊಟ್ಟೆ. ಮರುವರ್ಷದ ಹಬ್ಬಕ್ಕೆ ಮೇಜಿನ ಮೇಲೊಂದು ಚಮಚ ತಂದಿಟ್ಟೆ. ನಮ್ಮ ಲ್ಯಾಬಿನ ಮೊದಲ ಫೈರ್‌ವಾಲ್ ಅದೇ.