ಶಾಲು ಹೊದಿಸಿದೆವು, ಹಾಡು ಕೇಳಲಿಲ್ಲ

ಹಾಡುಗಾರ್ತಿಯೊಬ್ಬರನ್ನು ಮನೆಗೇ ಹೋಗಿ ಕರೆದು, ಕಾರಿನಲ್ಲಿ ಕೂರಿಸಿಕೊಂಡು ಬಂದು, ವೇದಿಕೆ ಹತ್ತಿಸಿ, ಒಂದು ಸಾಲೂ ಹಾಡಿಸದೆ ವಾಪಸ್ ಕಳಿಸುವುದು ಹೇಗೆ? ಗೊತ್ತಿಲ್ಲದಿದ್ದರೆ ಸಿಯಾಟಲ್ ಕಡೆ ಬನ್ನಿ. ನಾವು ಕನ್ನಡಿಗರು ಚೆನ್ನಾಗಿ ಕಲಿಸಿಕೊಡುತ್ತೇವೆ.

ಕಳೆದ ಶನಿವಾರ ನಡೆದದ್ದು ಇದು. ಸಿಟ್ಟು ಇನ್ನೂ ಇಳಿದಿಲ್ಲ. (ಹಿಂದಿನ ಅಂಕಣದಲ್ಲಿ ಬರೆದ ನಮ್ಮ ಗ್ಯಾರೇಜಿನ ಇಲಿಗಳ ಕಥೆ ಮುಂದೇನಾಯಿತು ಎಂದು ಕೇಳಿದ್ದವರು ಕ್ಷಮಿಸಬೇಕು. ಇಲಿಗಳು ಕ್ಷೇಮ.)

ಅವರ ಹೆಸರು ಲೊರೇನ್. ಸಿಯಾಟಲ್ ಹತ್ತಿರದ ಡುವಾಲ್‌ನಲ್ಲಿ ನಮ್ಮದರಿಂದ ಮೂರನೇ ಮನೆ. ವಯಸ್ಸು ಅರವತ್ತು ದಾಟಿದೆ. ಮೊನ್ನೆ ಮೊನ್ನೆಯವರೆಗೆ ನನ್ನ ಮಗಳು ನಿಧಿಯ ಸ್ಕೂಲ್ ಬಸ್ ಓಡಿಸುತ್ತಿದ್ದರು. ಓಡಿಸುತ್ತಾ ಗುನುಗುತ್ತಿದ್ದರಂತೆ, ಮಕ್ಕಳು ಗಲಾಟೆ ನಿಲ್ಲಿಸಿ ಕೇಳುತ್ತಿದ್ದವಂತೆ. ಸ್ಕೂಲ್ ಬಸ್ಸಿನಲ್ಲಿ ಗಲಾಟೆ ನಿಲ್ಲುವುದೆಂದರೆ ಸಾಮಾನ್ಯವೇ?

ಹೋದ ಚಳಿಗಾಲದಲ್ಲಷ್ಟೇ ನನಗೆ ಗೊತ್ತಾಯಿತು, ಈಕೆ ಒಂಬತ್ತನೇ ವಯಸ್ಸಿನಲ್ಲಿ ಅಣ್ಣಂದಿರ ಜೊತೆ ಒಂದು ಸೋಲ್ ಹಾಡು ಹಾಡಿ ರೇಡಿಯೋದಲ್ಲಿ ಮೆರೆದವರು ಎಂದು. ಸೋಲ್ ಅಂದರೆ ಇಲ್ಲಿನ ಕಪ್ಪು ಜನರ ಚರ್ಚುಗಳಲ್ಲಿ ಬೆಳೆದು ಬೀದಿಗೆ ಬಂದ ಸಂಗೀತ. ಎದೆಯಿಂದ ಹೊರಡದಿದ್ದರೆ ಅದನ್ನು ಹಾಡಿದ ಹಾಗೇ ಅಲ್ಲ. ಹನ್ನೊಂದನೇ ವಯಸ್ಸಿಗೆ ಲೊರೇನ್ ಒಬ್ಬರೇ ನಾಲ್ಕು ಹಾಡು ರೆಕಾರ್ಡ್ ಮಾಡಿದರು. ಕಂಪನಿಯವರು ಏನು ಮಾಡಿದರು? ನಾಲ್ಕನ್ನೂ ಅಣ್ಣಂದಿರ ರೆಕಾರ್ಡುಗಳ ಹಿಂಬದಿಗೆ ಹಾಕಿ ಕೈ ತೊಳೆದುಕೊಂಡರು. ರೆಕಾರ್ಡನ್ನು ತಿರುಗಿಸಿ ಹಾಕಿ ಕೇಳುವವರು ಎಷ್ಟು ಮಂದಿ ಇರುತ್ತಾರೆ, ಹೇಳಿ?

ಅದರಲ್ಲೊಂದು, ಕೆಲಸದಿಂದ ಬರಬೇಕಾದ ಅಮ್ಮನಿಗಾಗಿ ಬಸ್ ಸ್ಟಾಪಿನಲ್ಲಿ ಕಾಯುವ ಹುಡುಗಿಯ ಹಾಡು. ಓವರ್‌ಲೇಕ್‌ನ ಆಫೀಸಿಗೆ ಹೋಗುವಾಗ ಕಾರಿನಲ್ಲಿ ಕೇಳಿದೆ. ಪಾರ್ಕಿಂಗ್‌ನಲ್ಲಿ ನಿಲ್ಲಿಸಿಕೊಂಡು ಮತ್ತೆ ಕೇಳಿದೆ. ಕೊನೆಯ ಸಾಲಿನಲ್ಲಿ ಆ ಮಗು ಅಮ್ಮಾ ಎಂದು ಕರೆಯಲು ಹೋಗಿ, ಕರೆಯದೆ, ಉಸಿರು ಹಿಡಿಯುತ್ತದೆ. ನಾನು ಅತ್ತೆ. ಒಂಬತ್ತರ ಮೀಟಿಂಗ್ ತಪ್ಪಿತು.

"ಇದನ್ನ ಜನರ ಮುಂದೆ ಯಾವಾಗಾದ್ರೂ ಹಾಡಿದೀರಾ?" ಎಂದು ಕೇಳಿದೆ.

"ಒಂದು ಸಲಾನೂ ಇಲ್ಲ. ಎಲ್ಲರಿಗೂ ಅಣ್ಣಂದಿರ ಜೊತೆ ಹಾಡಿದ ಆ ಕುಣಿಯೋ ಹಾಡೇ ಬೇಕು" ಎಂದರು ಲೊರೇನ್.

ನಾನು ಎದೆ ತಟ್ಟಿಕೊಂಡು ಹೇಳಿದೆ, "ನಮ್ಮ ಜನ ಕೇಳ್ತಾರೆ. ನಮ್ಮ ಕನ್ನಡ ಸಂಘದ ರಾಜ್ಯೋತ್ಸವಕ್ಕೆ ಚೀಫ್ ಗೆಸ್ಟ್ ಆಗಿ ಬನ್ನಿ."

ಒಂದು ತಿಂಗಳು ಪ್ರಾಕ್ಟೀಸ್ ಮಾಡಿದರು. ನನಗೇ ಕಿಟಕಿಯಿಂದ ಕೇಳಿಸುತ್ತಿತ್ತು. ಶನಿವಾರ ಬೆಳಿಗ್ಗೆ ಕರೆದುಕೊಂಡು ಬರಲು ಹೋದರೆ, ನೇರಳೆ ಬಣ್ಣದ ಡ್ರೆಸ್ ಹಾಕಿಕೊಂಡು ಬಾಗಿಲಲ್ಲೇ ನಿಂತಿದ್ದರು. ಕೈಯಲ್ಲಿ ಜೇನು ಬೆರೆಸಿದ ಬಿಸಿನೀರಿನ ಫ್ಲಾಸ್ಕ್. ಗಂಟಲು ಕೆಡಬಾರದೆಂದು ತಿಂಡಿ ಕೂಡ ತಿಂದಿರಲಿಲ್ಲ.

ಬೆಲ್ವ್ಯೂನ ಹಾಲ್ ನಮಗೆ ಎರಡು ಗಂಟೆಯವರೆಗೆ ಮಾತ್ರ. ಪ್ರಾರ್ಥನೆ ಆಯಿತು. ದೀಪ ಹಚ್ಚಿದ್ದಾಯಿತು. (ಫೈರ್ ಅಲಾರ್ಮ್ ಭಯಕ್ಕೆ ಬ್ಯಾಟರಿ ದೀಪ. ಅದನ್ನೂ ಐದು ಜನ ಸೇರಿ ಹಚ್ಚಿದರು.) ಸ್ವಾಗತ, ಅಧ್ಯಕ್ಷರ ಮಾತು, ಅತಿಥಿಯ ಪರಿಚಯ, ಎಲ್ಲ ಆಯಿತು. ಆಮೇಲೆ ಸನ್ಮಾನ.

ನಮ್ಮ ಸನ್ಮಾನದ ಮರ್ಮ ಗೊತ್ತಲ್ಲ? ಅದು ಅತಿಥಿಗಾಗಿ ಅಲ್ಲ, ಮಾಜಿ ಅಧ್ಯಕ್ಷರಿಗಾಗಿ. ಒಬ್ಬರಿಗೂ ಬೇಜಾರಾಗಬಾರದು. ಅದಕ್ಕೇ ಶಾಲು ಒಬ್ಬರು, ಹಾರ ಒಬ್ಬರು, ಹಣ್ಣಿನ ಬುಟ್ಟಿ ಒಬ್ಬರು, ಫಲಕ ಒಬ್ಬರು, ಮೈಸೂರು ಪೇಟ ಒಬ್ಬರು. ಒಂದೊಂದಕ್ಕೂ ಫೋಟೋ. ಪೇಟ ದೊಡ್ಡದಾಗಿ ಲೊರೇನ್ ಕಣ್ಣಿನವರೆಗೆ ಇಳಿಯಿತು. ಪಾಪ, ಅದರ ಅಡಿಯಿಂದಲೇ ನಗುತ್ತಿದ್ದರು. ಮಾಜಿ ಅಧ್ಯಕ್ಷರೊಬ್ಬರು ಫೋಟೋದಲ್ಲಿ ಕಣ್ಣು ಮುಚ್ಚಿದ್ದರೆಂದು ಶಾಲನ್ನು ತೆಗೆದು ಮತ್ತೆ ಹೊದಿಸಿದರು!

ಅಷ್ಟರಲ್ಲಿ ಸಾಂಸ್ಕೃತಿಕ ಕಾರ್ಯದರ್ಶಿ ಸತೀಶ ನನ್ನ ಕಿವಿಯ ಹತ್ತಿರ ಬಂದ. "ಸಾರ್, ಟೈಮ್ ಆಗೋಯ್ತು. ಊಟ ಮುಗಿಸಿ ಎರಡಕ್ಕೆ ಹಾಲ್ ಬಿಡ್ಬೇಕು. ಬಿಸಿಬೇಳೆಬಾತ್ ತಣ್ಣಗಾಗ್ತಿದೆ. ಹಾಡು ಸ್ಕಿಪ್ ಮಾಡೋಣ."

"ಸ್ಕಿಪ್ಪಾ? ಅವರು ಬಂದಿರೋದೇ ಅದಕ್ಕೆ ಕಣಯ್ಯಾ!"

"ಬೇಕಾದ್ರೆ ಆ ಫೇಮಸ್ ಹಾಡಿನ ಎರಡು ಲೈನ್ ಹೇಳಿಸಿಬಿಡಿ ಸಾರ್. ಜನ ಚಪ್ಪಾಳೆ ಹೊಡೀತಾರೆ."

ಅದನ್ನೇ ಅವನು ಇಂಗ್ಲಿಷಿನಲ್ಲಿ ಲೊರೇನ್‌ಗೂ ಹೇಳಿದ. ಅವರು ಪೇಟವನ್ನು ಮೆಲ್ಲಗೆ ಮೇಲೆತ್ತಿ ಅವನನ್ನು ನೋಡಿದರು. "ಆ ಎರಡು ಲೈನ್ ಐವತ್ತು ವರ್ಷದಿಂದ ಹೇಳ್ತಾನೇ ಇದೀನಪ್ಪ. ಇವತ್ತು ಬೇಡ" ಎಂದರು. ಫ್ಲಾಸ್ಕಿನ ಮುಚ್ಚಳ ಬಿಗಿ ಮಾಡಿ ಬ್ಯಾಗಿಗೆ ಹಾಕಿಕೊಂಡರು. ಶಾಲು ಹೊದ್ದುಕೊಂಡೇ ಊಟದ ಲೈನಿನಲ್ಲಿ ನಿಂತರು. ಮೂರು ಜನ ಸೆಲ್ಫಿ ತೆಗೆಸಿಕೊಂಡರು. ಒಬ್ಬರಾದರೂ ಹಾಡು ಎಲ್ಲಿ ಎಂದು ಕೇಳಬೇಕಲ್ಲ? ಊಹೂಂ.

ನಾಚಿಕೆ ಆಗಬೇಕು ನಮಗೆ. ಕವಿಯನ್ನು ಕರೆಸುತ್ತೇವೆ, ಕವಿತೆ ಬೇಡ. ಕಲಾವಿದರನ್ನು ಕರೆಸುತ್ತೇವೆ, ಕಲೆಗೆ ಟೈಮಿಲ್ಲ. ಶಾಲು ಹೊದಿಸಿದರೆ ಕೇಳಿದ ಹಾಗೇ ಎಂದು ನಮಗೆ ಯಾರು ಹೇಳಿಕೊಟ್ಟರು? ಆ ಕಂಪನಿ ಹಿಂಬದಿಗಾದರೂ ಒಂದು ಜಾಗ ಕೊಟ್ಟಿತ್ತು. ನಾವು ಅದನ್ನೂ ಕೊಡಲಿಲ್ಲ.

ವಾಪಸ್ ಬರುವಾಗ ಕಾರಿನಲ್ಲಿ ಲೊರೇನ್ ಬಿಸಿಬೇಳೆಬಾತನ್ನು ಹೊಗಳಿದರು. ನನಗೆ ಮಾತೇ ಹೊರಡಲಿಲ್ಲ. ಅವರು ಇಳಿದು ಹೋದ ಮೇಲೆ ಹೊರಟಿತು ನೋಡಿ! ಮನೆಗೆ ಬಂದು ಸತೀಶನಿಗೆ ಬೈದೆ, ಮಾಜಿ ಅಧ್ಯಕ್ಷರನ್ನೆಲ್ಲ ಸಾಲಾಗಿ ಬೈದೆ, ಬಿಸಿಬೇಳೆಬಾತನ್ನೂ ಬಿಡಲಿಲ್ಲ. ಇಡೀ ಕಾರ್ಯಕ್ರಮವನ್ನು ಫೋನಿನಲ್ಲಿ ರೆಕಾರ್ಡ್ ಮಾಡಿದ್ದ ನಿಧಿ ಕೇಳುತ್ತಿದ್ದಳು.

"ಅಪ್ಪಾ, ಹರ್ ಸಾಂಗ್ ಈಸ್ ಟೂ ಮಿನಿಟ್ಸ್ ಫಾರ್ಟಿ" ಎಂದಳು.

"ನೋಡು ಮತ್ತೆ! ಅಷ್ಟು ಹೊತ್ತು ಕೊಡಕ್ಕಾಗ್ಲಿಲ್ವಾ ಆ ಅಯೋಗ್ಯರಿಗೆ?"

ಅವಳು ಫೋನ್ ನನ್ನ ಮುಂದಿಟ್ಟಳು. ಅತಿಥಿಯ ಪರಿಚಯ, ಹನ್ನೊಂದು ನಿಮಿಷ. ನೀಲಿ ಕೋಟು, ಕೈಯಲ್ಲಿ ನಾಲ್ಕು ಹಾಳೆ. ಆ ಹಾಡನ್ನು ಯಾರೂ ಯಾಕೆ ಕೇಳಲಿಲ್ಲ ಎಂಬುದರ ಮೇಲೆ ಅಷ್ಟುದ್ದ ಭಾಷಣ ಬಿಗಿದ ಆ ಪುಣ್ಯಾತ್ಮ, ನಾನೇ.