ಮುರಳೀಧರನ ನಾಲ್ಕು ರಕ್ತಪರೀಕ್ಷೆಗಳು

ದೆಹಲಿಯ ರೋಹಿಣಿ ಬಡಾವಣೆಯ ಒಂದು ಸೆಕ್ಟರಿನ ಮಾರುಕಟ್ಟೆಯಲ್ಲಿ, ಮೊದಲ ಮಹಡಿಯಲ್ಲಿ, ಜಯಾನಂದರ ಹೋಟೆಲಿದೆ. ಅಲ್ಲಿ ಹತ್ತೊಂಬತ್ತು ವರ್ಷಗಳಿಂದ ದೋಸೆ ಹುಯ್ಯುತ್ತಿರುವ ಮುರಳೀಧರನಿಗೆ ಈಗ ನಲವತ್ತೊಂದು. ಬೈಂದೂರು ಕಡೆಯವನು. ಗ್ಯಾಸಿನ ತಿರುಪನ್ನು ಮೂರು ಸಲ ಮುಟ್ಟಿ ನೋಡದೆ ಅಡುಗೆಮನೆ ಬಿಡುವುದಿಲ್ಲ. ಹಿಟ್ಟಿನ ಮೇಲೆ ಸಣ್ಣ ಅನುಮಾನ ಬಂದರೂ ಇಡೀ ಪಾತ್ರೆ ಮೋರಿಗೆ. “ಇವ ದೋಸೆ ಹುಯ್ಯುವುದಲ್ಲ ಮಾರಾಯ್ರೆ, ದೋಸೆಗೆ ಪರೀಕ್ಷೆ ಇಡುವುದು” ಎಂದು ಜಯಾನಂದ ಗಿರಾಕಿಗಳ ಎದುರೇ ಹೇಳುತ್ತಾರೆ. ಇಷ್ಟು ವರ್ಷಗಳಲ್ಲಿ ತಮ್ಮಲ್ಲಿ ತಿಂದ ಒಬ್ಬರಿಗೂ ಹೊಟ್ಟೆ ಕೆಟ್ಟಿಲ್ಲ ಎಂಬುದನ್ನೂ ಅವರೇ ಸೇರಿಸುತ್ತಾರೆ.

ಹಿಂದೆ ಎರಡು ಸಂಬಂಧಗಳು ಬಂದಿದ್ದವು. ಹುಡುಗಿಯರು ದೆಹಲಿಗೆ ಬರಲು ಒಪ್ಪಲಿಲ್ಲ. ಒಪ್ಪಿದ್ದರೂ ಮುರಳೀಧರ ಇನ್ನೊಮ್ಮೆ ಯೋಚಿಸುತ್ತಿದ್ದ ಎನ್ನುವುದು ಅವನನ್ನು ಬಲ್ಲವರ ಅಭಿಪ್ರಾಯ.

ಕಳೆದ ಜುಲೈ ಕೊನೆಯಲ್ಲಿ ಆತ ಹೆಚ್ಚು ಯೋಚಿಸದೆ ಒಂದು ಕೆಲಸ ಮಾಡಿದ. ಗುರುಗ್ರಾಮದ ಕಂಪನಿಯೊಂದರ ಸಮಾರಂಭಕ್ಕೆ ದೋಸೆ ಕಾವಲಿ ಹೊತ್ತು ಹೋಗಿದ್ದಾಗ, ಪಕ್ಕದ ಮೇಜಿನಲ್ಲಿ ಹಣ್ಣು ಕತ್ತರಿಸಿ ಅಲಂಕರಿಸುತ್ತಿದ್ದ ರಾಂಚಿಯ ಹೆಂಗಸಿನ ಪರಿಚಯವಾಯಿತು. ಎರಡು ಮೂರು ಸಲ ಭೇಟಿಯಾದರು. ಕೊನೆಯ ಭೇಟಿಯಲ್ಲಿ ಕಾಂಡೋಮ್ ಹರಿಯಿತು. ಆಗಸ್ಟಿನಲ್ಲಿ ಆಕೆ ಊರಿಗೆ ಮರಳಿದಳು, ಫೋನು ನಿಂತಿತು. ಆಕೆಯ ಬಗ್ಗೆ ಆತ ಇವತ್ತಿಗೂ ಒಂದು ಕೆಟ್ಟ ಮಾತು ಆಡುವುದಿಲ್ಲ. “ಅವಳಿಗೂ ನನ್ನ ಬಗ್ಗೆ ಅಷ್ಟೇ ಭಯ ಇದ್ದಿರಬಹುದು” ಎನ್ನುತ್ತಾನೆ.

ಭಯ ಹುಟ್ಟಿದ್ದು ಒಂದೆರಡು ವಾರಗಳ ನಂತರ, ಫೋನಿನಲ್ಲಿ ನೋಡಿದ ಒಂದು ವಿಡಿಯೊದಿಂದ. ಎಚ್‌ಐವಿ ಎಂಬ ಮೂರಕ್ಷರ ತಲೆಯಲ್ಲಿ ಕುಳಿತವು. ಈರುಳ್ಳಿ ಹೆಚ್ಚುವುದನ್ನು ಬಿಟ್ಟ. ಕೈ ಕೊಯ್ದುಕೊಂಡರೆ ಏನು ಗತಿ ಎಂದು. ಗಂಟಲು ಸ್ವಲ್ಪ ಕೆರೆದರೂ ಕನ್ನಡಿ ಮುಂದೆ ಬಾಯಿ ತೆರೆದು ನಿಲ್ಲುತ್ತಿದ್ದ.

ಅಕ್ಟೋಬರಿನಲ್ಲಿ ಆ ಭಯ ಒಂದೇ ದಿನದಲ್ಲಿ ಹೋಯಿತು. ಆಹಾರ ತಯಾರಿಸುವವರೆಲ್ಲ ವರ್ಷಕ್ಕೊಮ್ಮೆ ವೈದ್ಯಕೀಯ ತಪಾಸಣೆ ಮಾಡಿಸಿಕೊಳ್ಳಬೇಕು. ಜಯಾನಂದರ ಹೋಟೆಲಿಗೆ ಪ್ರತಿವರ್ಷ ಒಬ್ಬ ಡಾಕ್ಟರು, ಒಬ್ಬ ಸಹಾಯಕ ಬರುತ್ತಾರೆ. ಕಣ್ಣು, ಚರ್ಮ, ಉಗುರು ನೋಡುತ್ತಾರೆ. ಒಂದು ಸಿರಿಂಜು ರಕ್ತ ತೆಗೆಯುತ್ತಾರೆ. ಟೈಫಾಯ್ಡ್ ಲಸಿಕೆ ಕೊಡುತ್ತಾರೆ. ವಾರದ ನಂತರ ಎಲ್ಲರ ಪ್ರಮಾಣಪತ್ರಗಳೂ ಪ್ಲಾಸ್ಟಿಕ್ ಹೊದಿಕೆ ತೊಟ್ಟು ಕೌಂಟರಿನ ಹಿಂದಿನ ಗೋಡೆಗೆ ಏರುತ್ತವೆ. ‘ಸಾಂಕ್ರಾಮಿಕ ರೋಗಗಳಿಂದ ಮುಕ್ತ’ ಎಂಬ ಸಾಲನ್ನು ಮುರಳೀಧರ ಸ್ಟೂಲು ಹತ್ತಿ ಓದಿದ. ರಕ್ತ ತೆಗೆದಿದ್ದಾರೆ, ಸಹಿ ಇದೆ, ಮೊಹರು ಇದೆ. ಅಂದು ಐದು ಕಿಲೋ ಈರುಳ್ಳಿ ತಾನೇ ಹೆಚ್ಚಿದ.

ಜಲಜಾ ಅವನ ಬದುಕಿಗೆ ಬಂದದ್ದು ಆ ನಿಶ್ಚಿಂತೆಯ ದಿನಗಳಲ್ಲಿ. ಆಕೆಗೆ ಮೂವತ್ತೇಳು. ಅಪ್ಪ ಕಾರ್ಕಳದಿಂದ ಬಂದು ಇಲ್ಲಿ ಕ್ಯಾಂಟೀನಿನಲ್ಲಿ ಅಡುಗೆಗಿದ್ದವರು; ಆಕೆ ಹುಟ್ಟಿದ್ದೂ ಬೆಳೆದದ್ದೂ ದೆಹಲಿಯಲ್ಲೇ. ಎರಡೇ ವರ್ಷಕ್ಕೆ ಮುರಿದ ಮದುವೆಯೊಂದು ಹಿಂದಿದೆ. ಖಾಸಗಿ ಲ್ಯಾಬೊಂದಕ್ಕೆ ರಕ್ತದ ಮಾದರಿ ಸಂಗ್ರಹಿಸುವ ಕೆಲಸ. ಬೆಳಿಗ್ಗೆ ಆರಕ್ಕೇ ಸ್ಕೂಟರಿನಲ್ಲಿ ಮನೆಮನೆ ಸುತ್ತಿ, ಮಾದರಿಗಳನ್ನು ಸೆಂಟರಿಗೆ ಒಪ್ಪಿಸಿ, ಒಂಬತ್ತೂವರೆಗೆ ಈ ಹೋಟೆಲಿಗೆ ತಿಂಡಿಗೆ ಬರುತ್ತಾಳೆ. ಸೂಜಿ ಚುಚ್ಚಿದ್ದೇ ಗೊತ್ತಾಗದಷ್ಟು ಹಗುರ ಕೈ ಎಂದು ಸೆಕ್ಟರಿನ ಮುದುಕರೆಲ್ಲ ಅವಳನ್ನೇ ಕೇಳುತ್ತಾರೆ. ಇಬ್ಬರನ್ನೂ ಗಮನಿಸುತ್ತಿದ್ದ ಜಯಾನಂದರ ಹೆಂಡತಿ ಸ್ನೇಹಲತಾ ನವೆಂಬರಿನಲ್ಲಿ ಮಾತು ಎತ್ತಿದರು. ಇಬ್ಬರೂ ಬೇಡ ಎನ್ನಲಿಲ್ಲ. ಫೆಬ್ರುವರಿಯಲ್ಲಿ ಮಾಡೋಣ ಎಂದಾಯಿತು.

ಡಿಸೆಂಬರಿನ ಒಂದು ಬೆಳಿಗ್ಗೆ, ಕೌಂಟರಿನ ಹತ್ತಿರ ಕಾಫಿಗೆ ನಿಂತಿದ್ದ ಜಲಜಾ ಗೋಡೆ ನೋಡಿ ನಕ್ಕಳು.

“ಸ್ನೇಹಕ್ಕ, ಇದೇನು, ಫೋಟೊ ಗ್ಯಾಲರಿ ತರಹ ಹಾಕಿದ್ದೀರಿ?”

“ನಮ್ಮವರೆಲ್ಲ ಫಿಟ್ ಅಂತ ಗಿರಾಕಿಗಳಿಗೆ ಗೊತ್ತಾಗ್ಲಿ ಅಂತ.”

“ಅಚ್ಛಾ! ಇದರಲ್ಲಿ ನೋಡೋದು ಟೈಫಾಯ್ಡು, ಹಿಮೋಗ್ಲೋಬಿನ್ನು, ಕಜ್ಜಿ. ಇಷ್ಟೇ. ದೊಡ್ಡ ಕಾಯಿಲೆ ಯಾವುದನ್ನೂ ಇವರು ನೋಡೋದೇ ಇಲ್ಲ.”

ಕಾವಲಿಯ ಮೇಲೆ ಒಂದು ಮಸಾಲೆ ದೋಸೆ ಕಪ್ಪಾಯಿತು. ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಎಂದು ಜಯಾನಂದ ಲೆಕ್ಕ ಹಿಡಿದಿದ್ದಾರೆ.

ಮರುವಾರವೇ ಮುರಳೀಧರ ಮೆಟ್ರೊ ಹತ್ತಿದ. ರೋಹಿಣಿಯ ಲ್ಯಾಬುಗಳಲ್ಲೆಲ್ಲ ಜಲಜಾಳ ಪರಿಚಯದವರು. ಅದಕ್ಕೇ ದಕ್ಷಿಣ ದೆಹಲಿಯ ಹೌಜ್ ಖಾಸ್‌ವರೆಗೂ ಹೋದ. ಅಲ್ಲಿಯೂ ಧೈರ್ಯ ಸಾಲದೆ ಹೆಸರು ಗುರುರಾಜ ಎಂದು ಬರೆಸಿದ. ಮರುದಿನ ಫೋನಿಗೆ ವರದಿ ಬಂತು: ನಾನ್‌ರಿಯಾಕ್ಟಿವ್, 0.09. ಅದನ್ನು ಹತ್ತು ಸಲ ಓದಿದ. ಗುರುರಾಜನಿಗೆ ಸೋಂಕಿಲ್ಲ ಎಂದಿತ್ತು. ಮುರಳೀಧರನ ಬಗ್ಗೆ ಅದರಲ್ಲಿ ಏನೂ ಇರಲಿಲ್ಲ.

ಹಾಗಾಗಿ ಎರಡನೆಯದು ನೋಯ್ಡಾದಲ್ಲಿ, ಸ್ವಂತ ಹೆಸರಿನಲ್ಲಿ. ಅದೂ ನಾನ್‌ರಿಯಾಕ್ಟಿವ್, ಆದರೆ 0.14. ಹದಿನೈದು ದಿನ ಬಿಟ್ಟು ಹೌಜ್ ಖಾಸ್‌ನ ಬೇರೊಂದು ಲ್ಯಾಬಿನಲ್ಲಿ ಮೂರನೆಯದು: 0.22. ಒಂದರ ಒಳಗಿದ್ದರೆ ಸೋಂಕಿಲ್ಲ ಎಂದು ವರದಿಯ ಬಲಗಡೆಯಲ್ಲೇ ಅಚ್ಚಾಗಿತ್ತು. ಆದರೆ ಮುರಳೀಧರ ಮೂರು ಅಂಕಿಗಳನ್ನು ಒಂದರ ಕೆಳಗೊಂದು ಬರೆದು ನೋಡಿದ. ಏರುತ್ತಿತ್ತು. ಹೀಗೇ ಏರಿದರೆ ಮಳೆಗಾಲದ ಹೊತ್ತಿಗೆ ಒಂದು ದಾಟುತ್ತದೆ.

ಆತ ಸ್ನೇಹಲತಾರ ಬಳಿ ಹೋಗಿ, ಮದುವೆ ಸ್ವಲ್ಪ ಮುಂದೆ ಹಾಕೋಣ ಎಂದ.

“ಎಷ್ಟು ಮುಂದೆ?”

“ಸೆಪ್ಟೆಂಬರ್...”

“ನಿನಗೆ ಬೇಡದಿದ್ದರೆ ಬೇಡ ಅಂತ ಅವಳ ಮುಖಕ್ಕೆ ಹೇಳು. ಒಮ್ಮೆ ಪೆಟ್ಟು ತಿಂದ ಹುಡುಗಿ ಅದು. ನನ್ನ ಕೈಯಲ್ಲಿ ಹೇಳಿಸಬೇಡ.”

ಜನವರಿಯ ಒಂದು ಮಧ್ಯಾಹ್ನ, ಹೋಟೆಲಿಗೆ ಬಿಡುವಿರುವ ಮೂರರಿಂದ ಐದರೊಳಗೆ, ಇಬ್ಬರೂ ಜಪಾನೀಸ್ ಪಾರ್ಕಿನ ಬೆಂಚಿನಲ್ಲಿ ಬಿಸಿಲಿಗೆ ಬೆನ್ನು ಕೊಟ್ಟು ಕುಳಿತರು. ಜಲಜಾ ಕಡಲೆಕಾಯಿ ಸುಲಿಯುತ್ತಿದ್ದಳು. ಮುರಳೀಧರ ಜುಲೈಯಿಂದ ಶುರು ಮಾಡಿ ಒಂದೂ ಬಿಡದೆ ಹೇಳಿದ. ಕೊನೆಗೆ ಮೂರು ವರದಿಗಳನ್ನೂ ಜೇಬಿನಿಂದ ತೆಗೆದು ಕೊಟ್ಟ. ಆಕೆ ಮೊದಲು ಓದಿದ್ದು ಲ್ಯಾಬಿನ ಹೆಸರುಗಳನ್ನು.

“ನೋಯ್ಡಾಕ್ಕೆ ಹೋದ್ರಾ? ರಕ್ತ ಕೊಡೋಕೆ?”

“ಇಲ್ಲಿ ನಿಮಗೆ ಗೊತ್ತಾಗುತ್ತೆ ಅಂತ...”

“ಈ ಗುರುರಾಜ ಯಾರು?”

“ನಾನೇ.”

ಆಕೆ ಕಾಗದಗಳನ್ನು ತೊಡೆಯ ಮೇಲೆ ಸಾಲಾಗಿ ಇಟ್ಟುಕೊಂಡಳು.

“ನಂಬರ್ ಏರ್ತಾ ಇದೆ, ನೋಡಿ” ಎಂದ ಮುರಳೀಧರ.

“ಇದೇನು ಜ್ವರಾನಾ ಏರೋಕೆ? ಒಂದಕ್ಕಿಂತ ಕೆಳಗಿದ್ರೆ ಇಲ್ಲ ಅಂತ, ಬಸ್, ಅಷ್ಟೇ. ಮೂರು ಲ್ಯಾಬು, ಮೂರು ಮೆಷಿನ್ನು. ಅದೇ ರಕ್ತಾನ ಅದೇ ಮೆಷಿನ್ನಿಗೆ ಎರಡು ಸಲ ಹಾಕಿದ್ರೂ ನಂಬರ್ ಸ್ವಲ್ಪ ಆಚೆ ಈಚೆ ಬರುತ್ತೆ.”

“ಅಂದ್ರೆ ಮೆಷಿನ್ನು ತಪ್ಪು ಹೇಳೋದೇ ಇಲ್ವಾ?”

“ಹೇಳುತ್ತೆ. ಬೇಗ ಹೋದ್ರೆ ಹೇಳುತ್ತೆ. ನೀವು ಹತ್ತೇ ದಿನಕ್ಕೆ ಮಾಡಿಸಿದ್ರೆ ಅದನ್ನ ನಂಬಬೇಡಿ ಅಂತ ನಾನೇ ಹೇಳ್ತಿದ್ದೆ. ಈ ಟೆಸ್ಟಿಗೆ ಆರು ವಾರ ಬೇಕು. ಸರ್ಕಾರಿ ಸೆಂಟರಿನವರು ಮೂರು ತಿಂಗಳು ಅಂತಾರೆ, ಅದನ್ನೇ ಇಟ್ಕೊಳ್ಳಿ. ನಿಮ್ಮದು ಆರು ತಿಂಗಳಾಗ್ತಾ ಬಂತು. ಮೊದಲನೇ ರಿಪೋರ್ಟಿಗೇ ಕಥೆ ಮುಗಿದಿತ್ತು. ಹೋಟೆಲಲ್ಲಿ ಕೈ ಕೊಯ್ದುಕೊಂಡ್ರೆ, ದೋಸೆ ತಿಂದ್ರೆ ಇದು ಯಾರಿಗೂ ಬರೋದೂ ಇಲ್ಲ.”

ಮುರಳೀಧರ ಉಸಿರು ಬಿಟ್ಟ. ಜಲಜಾ ಕಾಗದಗಳನ್ನು ಮತ್ತೊಮ್ಮೆ ತಿರುಗಿಸಿ ನೋಡಿದಳು.

“ಆದ್ರೆ ಇದೊಂದನ್ನೇ ಮೂರು ಸಲ ಮಾಡಿಸಿದ್ದೀರಲ್ಲ. ಸಿಫಿಲಿಸ್ ಎಲ್ಲಿ? ಹೆಪಟೈಟಿಸ್ ಬಿ, ಸಿ ಎಲ್ಲಿ?”

“ಅವೂ ಇವೆಯಾ?” ಎಂದ ಆತ. ಬಿಟ್ಟ ಉಸಿರು ಮತ್ತೆ ಒಳಗೆ ಹೋಯಿತು.

“ಇವೆ. ಹೆಚ್ಚಿನವಕ್ಕೆ ಔಷಧವೂ ಇದೆ. ಆ ಮುಖ ಮಾಡಬೇಡಿ.” ಆಕೆ ಸಿಪ್ಪೆಗಳನ್ನು ಕಾಗದದ ಪೊಟ್ಟಣಕ್ಕೆ ತುಂಬಿ ಎದ್ದಳು. “ಇದು ಲ್ಯಾಬಿನ ಮಾತಾಯ್ತು. ನನ್ನ ಮಾತು ಬೇರೆ. ಅದಕ್ಕೆ ಒಂದು ವಾರ ಕೊಡಿ.”

ಆ ವಾರ ಆಕೆ ತಿಂಡಿಗೆ ಬರಲಿಲ್ಲ. ಮುರಳೀಧರ ಒಂಬತ್ತೂವರೆಯಾದೊಡನೆ ಅಡುಗೆಮನೆಯ ಕಿಂಡಿಯಿಂದ ಮೆಟ್ಟಿಲಿನ ಕಡೆ ನೋಡುತ್ತಿದ್ದ. ಜಯಾನಂದ ಕೇಳಲು ಬಾಯಿ ತೆರೆದಾಗ ಸ್ನೇಹಲತಾ ಕಣ್ಣು ಬಿಟ್ಟು ತಡೆದರು. ಅಷ್ಟೂ ದಿನ ಆತ ಯಾವ ಲ್ಯಾಬಿಗೂ ಹೋಗಲಿಲ್ಲ. ಆತನ ಮಟ್ಟಿಗೆ ಅದು ದೊಡ್ಡ ಸಂಗತಿ.

ಎಂಟನೆಯ ದಿನ ಜಲಜಾ ಬಂದಳು. ಎರಡು ಇಡ್ಲಿ ತಿಂದಳು, ಕೈ ತೊಳೆದಳು, ಕಿಂಡಿಯ ಹತ್ತಿರ ಬಂದು ನಿಂತಳು.

“ಗುರುವಾರ ಬೆಳಿಗ್ಗೆ ನಮ್ಮ ಸೆಂಟರಿಗೆ ಬನ್ನಿ. ಖಾಲಿ ಹೊಟ್ಟೇಲಿ. ಶುಗರೂ ನೋಡಿಬಿಡೋಣ.”

“ಅಲ್ಲಿ ನಿಮ್ಮವರೆಲ್ಲ ಇರ್ತಾರೆ. ಏನಂದ್ಕೊಳ್ತಾರೆ?”

“ಮದುವೆಗೆ ಮುಂಚೆ ಇಬ್ರೂ ಟೆಸ್ಟ್ ಮಾಡಿಸ್ತಿದ್ದಾರೆ ಅಂದ್ಕೊಳ್ತಾರೆ. ಹಾಗೇ ತಾನೇ?” ಎಂದವಳು ದನಿ ತಗ್ಗಿಸಿದಳು. “ಹಳೆಯದು ನನಗೂ ಇದೆ, ನಿಮಗೂ ಇದೆ. ಅದಕ್ಕಲ್ಲ ನನಗೆ ಸಿಟ್ಟು ಬಂದಿದ್ದು. ಸೆಪ್ಟೆಂಬರ್ ಅಂದ್ರಲ್ಲ, ಅದಕ್ಕೆ. ನನ್ನನ್ನ ಒಂದು ಮಾತು ಕೇಳೋದು ಬಿಟ್ಟು.”

ಗುರುವಾರ ಆಕೆಯೇ ಮುರಳೀಧರನ ರಕ್ತ ತೆಗೆದಳು. ಸೂಜಿ ಹೊಕ್ಕದ್ದು ಆತನಿಗೆ ಗೊತ್ತಾಗಲಿಲ್ಲ. ಮುಗಿಯಿತಾ ಎಂದು ಎರಡು ಸಲ ಕೇಳಿದ. ಆಕೆಯ ರಕ್ತವನ್ನು ಜೊತೆಯ ಸಹೋದ್ಯೋಗಿ ತೆಗೆದಳು. ಶನಿವಾರ ಸಂಜೆ ವರದಿಗಳು ಬಂದವು. ಮುರಳೀಧರನದು ಎಲ್ಲವೂ ಸರಿಯಿತ್ತು. ಆತ ಈ ಸಲ ಒಂದೇ ಬಾರಿ ಓದಿ ಮಡಚಿದ. ಜಲಜಾ ತನ್ನದನ್ನು ಮುಂದೆ ಚಾಚಿದಳು.

“ಬೇಡ, ನಿಮ್ಮದು ನಾನ್ಯಾಕೆ ನೋಡಲಿ?”

“ನಿಮ್ಮದು ನಾನು ನೋಡಿಲ್ವಾ? ಓದಿ.”

ಆತ ಓದಿದ. ತನ್ನದನ್ನು ಹಿಂದೆ ಓದುತ್ತಿದ್ದ ಹಾಗೆಯೇ, ಬೆರಳಿಟ್ಟು, ಸಾಲು ಸಾಲಾಗಿ, ಬಲಗಡೆಯ ಅಂಕಿಗಳೊಂದಿಗೆ ಹೋಲಿಸುತ್ತಾ. ಸೋಂಕುಗಳ ಪಟ್ಟಿ ಪೂರ್ತಿ ಸರಿಯಿತ್ತು. ಬೆರಳು ಎರಡನೆಯ ಪುಟದಲ್ಲಿ ನಿಂತಿತು.

“ಹಿಮೋಗ್ಲೋಬಿನ್ ಒಂಬತ್ತು ಪಾಯಿಂಟ್ ನಾಲ್ಕು. ಹನ್ನೆರಡು ಇರಬೇಕು ಅಂತ ಬರೆದಿದೆ.”

“ಅರೇ, ಅದು ಯಾವಾಗಲೂ ಅಷ್ಟೇ.”

“ಯಾವಾಗಲೂ ಅಂದ್ರೆ? ಎಷ್ಟು ವರ್ಷದಿಂದ? ಊರಿನವರ ರಕ್ತ ಎಲ್ಲ ತೆಗೀತೀರಿ, ನಿಮ್ಮದರ ಕಡೆ ನೋಡೋದಿಲ್ವಾ? ಡಾಕ್ಟರಿಗೆ ತೋರಿಸಿದ್ದೀರಾ?”

ಜಲಜಾ ಕಾಗದ ಹಿಂದಕ್ಕೆ ಪಡೆಯಲು ಕೈ ಚಾಚಿದಳು. ಆತ ಬಿಡಲಿಲ್ಲ, ಸೋಮವಾರ ಡಾಕ್ಟರ ಹತ್ತಿರ ಹೋಗುವುದೆಂದು ಅಲ್ಲೇ ನಿಂತು ಒಪ್ಪಿಸಿದ. ಮರುದಿನ ಬೆಳಿಗ್ಗೆ ಆಕೆ ತಿಂಡಿಗೆ ಕೂತಾಗ ಕೇಳಿದ್ದು ಸೆಟ್ ದೋಸೆ. ಬಂದದ್ದು ದೋಸೆಯ ಜೊತೆ ಒಂದು ಬಟ್ಟಲು ಹರಿವೆ ಸೊಪ್ಪಿನ ಪಲ್ಯ, ಅದರ ಪಕ್ಕದಲ್ಲಿ ಅರ್ಧ ನಿಂಬೆಹಣ್ಣು. ಕಾಫಿ ಬರಲಿಲ್ಲ.

“ಕಾಫಿ ಎಲ್ಲಿ ಭಯ್ಯಾ?” ಎಂದು ಜಲಜಾ ಬಡಿಸುವವನನ್ನು ಕೇಳಿದಳು.

“ತಿಂಡಿಯ ಜೊತೆ ಕಾಫಿ ಕುಡಿದ್ರೆ ಮೈಗೆ ಕಬ್ಬಿಣ ಹಿಡಿಯೋದಿಲ್ಲವಂತೆ” ಎಂದು ಕಿಂಡಿಯೊಳಗಿನಿಂದ ದನಿ ಬಂತು. “ಒಂದು ಗಂಟೆ ಬಿಟ್ಟು ಕೊಡ್ತೇನೆ.”

ಕೌಂಟರಿನಲ್ಲಿದ್ದ ಸ್ನೇಹಲತಾ ಕ್ಯಾಲೆಂಡರ್ ಕೆಳಗಿಳಿಸಿ ಫೆಬ್ರುವರಿಯ ಹಾಳೆಗೆ ತಿರುಗಿಸಿದರು. ಜಲಜಾ ಸೊಪ್ಪಿನ ಮೇಲೆ ನಿಂಬೆ ಹಿಂಡಿದಳು.