ಅಟ್ಟದಲ್ಲಿ ವರ್ಷ ಕೂತ ಕಾಯಿ

“ಅಮ್ಮಾ, ಸಿದ್ದಗಂಗಜ್ಜಿ ಎಲ್ಲದಕ್ಕೂ ಯಾಕೆ ಬೇಡ ಅಂತಾರೆ?” ಅಂತ ನಿನ್ನೆ ಮುದ್ದೆ ಮುರಿದು ಬಾಯಿಗಿಡುವಾಗ ಮಗಳು ಕೇಳಿದಳು. ಅರಸೀಕೆರೆಯ ನಮ್ಮ ಬೀದಿಗೆ ಹೊಸದೇನು ಬಂದರೂ ಮೊದಲು ಬೇಡ ಅನ್ನುವವರು ಪಕ್ಕದ ಮನೆಯ ಸಿದ್ದಗಂಗಮ್ಮನವರೇ. ಸೊಸೆ ತಂದ ಮಿಕ್ಸಿ ಮೂರು ವರ್ಷದಿಂದ ರಟ್ಟಿನ ಪೆಟ್ಟಿಗೆಯಿಂದ ಆಚೆ ಬಂದಿಲ್ಲ. “ಹಿಂದಿನವರು ಸುಮ್ಮನೆ ಮಾಡಿಲ್ಲ ಕಣಪ್ಪ. ಕಾಯಿ ಅಟ್ಟದಲ್ಲಿ ವರ್ಷ ಕೂತರೆ ಕೊಬ್ಬರಿ, ಅವಸರಕ್ಕೆ ಒಡೆದರೆ ಚಟ್ನಿ,” ಅಂತ ನನ್ನ ಗಂಡನಿಗೆ ದಿನಾ ಪಾಠ. “ಇಳಿಸಿ ನೋಡದಿದ್ದರೆ ಕೊಳೆತಿದ್ದು ಗೊತ್ತಾಗಲ್ಲ ಅಜ್ಜಿ. ಪ್ರಶ್ನೆ ಮಾಡದೆ ಯಾವ ಪದ್ಧತಿನೂ ಒಪ್ಪಬಾರದು,” ಅಂತ ಇವರ ಉತ್ತರ. ಇಬ್ಬರಲ್ಲಿ ಯಾರೂ ಸೋತಿದ್ದನ್ನು ನಾನು ಕಂಡಿಲ್ಲ. ಆರಿದ ಕಾಫಿಯನ್ನು ಮಾತ್ರ ಎರಡೆರಡು ಸಲ ಕಾಯಿಸಿದ್ದೇನೆ. ಅಂಥ ಅಜ್ಜಿ ಇವತ್ತು ತೆಂಗು ಬೆಳೆಗಾರರ ಸಂಘದ ಚುನಾವಣೆಗೆ ನಾಮಪತ್ರ ಹಿಡಿದು ನಮ್ಮ ಮನೆಗೆ ಬಂದರು. ಆ ಸಂಘದಲ್ಲಿ ಈವರೆಗೆ ಹೆಂಗಸರು ಯಾರೂ ನಿಂತಿಲ್ಲ. ಸಂಘದ ಕಚೇರಿಯಲ್ಲಿದ್ದವರು ಪದ್ಧತಿ ಇಲ್ಲ ಅಂದರಂತೆ. “ಸಂಘದ ಕುರ್ಚಿಲಿ ನಮ್ಮ ಮಾವ ಕೂತಿದ್ರು, ಯಜಮಾನ್ರು ಸಾಯೋವರೆಗೂ ಕೂತಿದ್ರು. ಆ ಕುರ್ಚಿಲಿ ನಮ್ಮ ಮನೆಯೋರು ಇರೋದೇ ಪದ್ಧತಿ, ಅದನ್ನ ನಾನು ಮುರೀತೀನಾ ಅಂದೆ. ಫಾರಂ ಕೊಟ್ರು.” ನನ್ನ ಗಂಡ ನಗುತ್ತಾ ಸಹಿ ಹಾಕಲು ಪೆನ್ನಿಗೆ ಕೈ ಹಾಕಿದರು. ಅಜ್ಜಿ ಹಾಳೆಯನ್ನು ನನ್ನ ಕಡೆ ತಿರುಗಿಸಿದರು. “ನೀನೂ ಸದಸ್ಯೆ ಅಲ್ಲವೇನವ್ವ? ಸೂಚಕರು ಅಂತ ಐತಲ್ಲ, ಅಲ್ಲಿ ನೀನು ಸಹಿ ಹಾಕು.”